ಮಗುವಿನ ಮಾತನ್ನು ಬರೆದಿಡುವ ಕರ್ತವ್ಯವು

ವಿದ್ಯಾಶಾಲೆಯಲ್ಲಿ ಬರವಣಿಗೆಗೆ ಕೊರತೆಯೆಂಬುದಿಲ್ಲ. ಪ್ರವೇಶದ ರಿಜಿಸ್ಟರು, ಹಾಜರಿ ಪುಸ್ತಕ, ಫೀಸಿನ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಬೋರ್ಡಿಂಗಿನ ಅಕ್ಕಿ ಬೇಳೆಯ ಖರ್ಚು, ಇವೆಲ್ಲವೂ ತಪ್ಪದೆ ಬರೆಯಲ್ಪಡುತ್ತವೆ. ಉಗ್ರಾಣದಲ್ಲಿ ಒಂದು ಮೂಟೆ ಅಕ್ಕಿಯು ಕಡಿಮೆಯಾದರೆ ಅದಕ್ಕೆ ಲೆಕ್ಕ ಕೇಳುವವರೂ ಹೇಳುವವರೂ ಉಂಟು. ಆದರೆ ಒಬ್ಬ ಬಾಲಕಿಯು ಸಂಜೆಯ ಗಂಟೆ ಹೊಡೆದ ಮೇಲೆ ಅಧ್ಯಾಪಿಕೆಯ ಬಳಿಯಲ್ಲಿ ನಿಂತು, ಮನೆಯಲ್ಲಿಯೋ ದಾರಿಯಲ್ಲಿಯೋ ಬೋರ್ಡಿಂಗಿನಲ್ಲಿಯೋ ತನಗಾದ ಹಿಂಸೆಯನ್ನು ಅರ್ಧ ಮಾತಿನಲ್ಲಿ ಹೇಳಿದರೆ, ಆ ಮಾತು ಯಾವ ಪುಸ್ತಕದಲ್ಲಿ ಸೇರುವುದು? ಅನೇಕ ಸಂಸ್ಥೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ಕೇಳಿದವರ ಮನಸ್ಸಿನಲ್ಲಿ ಅದು ಕೆಲವು ದಿನಗಳವರೆಗೆ ಇದ್ದು, ಬಳಿಕ ಮಾಸಿಹೋಗುವುದು. ಹೇಳಿದವಳ ಮನಸ್ಸಿನಲ್ಲಿ ಮಾತ್ರ ಮಾಸದು. ಮಗುವಿನ ರಕ್ಷಣೆಗಾಗಿ ನಡೆಯುವ ವಿಚಾರಣೆಯಲ್ಲಿ ಸಂಗತಿಗಳನ್ನು ಆಗಿಂದಾಗ್ಗೆ ಸತ್ಯವಾಗಿ ಬರೆದಿಡುವುದು ಗುಮಾಸ್ತೆಗೆ ಒಪ್ಪಿಸಿಬಿಡತಕ್ಕ ಕೆಲಸವೆಂದು ಹಲವರು ಎಣಿಸುತ್ತಾರೆ. ಅದು ರಕ್ಷಣೆಯ ಮೊದಲನೆಯ ಅಂಗವೆಂಬುದೂ, ಹೆಣ್ಣುಮಕ್ಕಳ ಪ್ರತಿಯೊಂದು ಶಾಲೆಯೂ ಅದನ್ನು ಕಲಿಯಬೇಕೆಂಬುದೂ ಈ ಲೇಖನದ ಅಭಿಪ್ರಾಯವು.

ಬರವಣಿಗೆಯ ಬಲದಿಂದ ಒಂದು ಮಗುವು ಬದುಕಿದ ಸಂಗತಿಯನ್ನು ಮೊದಲು ನೋಡೋಣ. ಅದು ೧೮೭೪ರಲ್ಲಿ ಅಮೆರಿಕದ ನ್ಯೂಯಾರ್ಕು ಪಟ್ಟಣದಲ್ಲಿ ನಡೆಯಿತು. ಅಲ್ಲಿಯ ಬಡವರ ಬಿಡಾರಗಳಲ್ಲಿ ರೋಗಿಗಳನ್ನೂ ದಿಕ್ಕಿಲ್ಲದವರನ್ನೂ ಸಂದರ್ಶಿಸುತ್ತಿದ್ದ ಎಟ್ಟಾ ವ್ಹೀಲರ್ ಎಂಬ ಮೆಥೊಡಿಸ್ಟ್ ಸಭೆಯ ಅಮ್ಮನವರು, ಮೇರಿ ಎಲೆನ್ ಎಂಬ ಹುಡುಗಿಯು ಸಾಕುತಾಯಿಯ ಕೈಯಲ್ಲಿ ದಿನವೂ ಪೆಟ್ಟು ತಿನ್ನುತ್ತಿರುವಳೆಂದು ನೆರೆಯವರಿಂದ ಕೇಳಿದರು. ಉಪಾಯದಿಂದ ಆ ಮನೆಯೊಳಗೆ ಹೋಗಿ ಮಗುವಿನ ಅವಸ್ಥೆಯನ್ನು ಕಣ್ಣಾರೆ ಕಂಡರು. ಆದರೆ ಸಾಕ್ಷ್ಯವಿಲ್ಲದೆ ಕೈಹಾಕಲು ಪೊಲೀಸಿನವರು ಒಪ್ಪಲಿಲ್ಲ. ಕೊನೆಗೆ ಅಮ್ಮನವರು ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ಸಂಘದ ಹೆನ್ರಿ ಬರ್ಗ್ ಎಂಬವರ ಬಳಿಗೆ ಹೋದರು. ಕಂಡದ್ದನ್ನೂ ಕೇಳಿದ್ದನ್ನೂ ಕಾಗದದಲ್ಲಿ ಬರೆದುಕೊಟ್ಟರೆ ಅದರ ತೂಕವನ್ನು ನೋಡಿ ನಿಶ್ಚಯಿಸುವೆನೆಂದು ಬರ್ಗರು ಹೇಳಿದರು. ಅಮ್ಮನವರು ಬರೆದುಕೊಟ್ಟರು, ನೆರೆಯವರ ಸಾಕ್ಷ್ಯವೂ ಅದರೊಂದಿಗೆ ಸೇರಿತು. ಕೆಲವೇ ದಿನಗಳಲ್ಲಿ, ಏಪ್ರಿಲ್ ೯ರಂದು, ಸುಮಾರು ೧೦ ವರುಷದ ಆ ಬಾಲಕಿಯು ನ್ಯಾಯಾಧೀಶರ ಮುಂದೆ ನಿಂತು ತನ್ನ ಕಥೆಯನ್ನು ತಾನೇ ಹೇಳಿದಳು. ಸಾಕುತಾಯಿಗೆ ಒಂದು ವರುಷದ ಸೆರೆಯಾಯಿತು. ಮಕ್ಕಳ ರಕ್ಷಣೆಗಾಗಿಯೇ ಒಂದು ಸಂಘವು ಆ ಪಟ್ಟಣದಲ್ಲಿ ಹುಟ್ಟಿತು. ಮೇರಿ ಎಲೆನ್ ಬೆಳೆದು, ಮದುವೆಯಾಗಿ, ತನ್ನ ಒಬ್ಬ ಮಗಳಿಗೆ ಎಟ್ಟಾ ಎಂದು ಹೆಸರಿಟ್ಟು, ೧೯೫೬ರವರೆಗೆ ಬಾಳಿದಳು.

ಇದೇ ಕಥೆಯಲ್ಲಿ ಬರೆಯದೆ ಹೋದ ಕಾಗದಗಳೂ ಉಂಟು. ೧೮೬೬ರಲ್ಲಿ ಈ ಮಗುವನ್ನು ಸಾಕಲು ಕೊಟ್ಟಾಗ, ವರುಷಕ್ಕೊಮ್ಮೆ ಅದರ ಸ್ಥಿತಿಗತಿಯನ್ನು ತಿಳಿಸತಕ್ಕದ್ದೆಂದು ಪಟ್ಟಣದ ಧರ್ಮಾದಾಯ ಇಲಾಖೆಯವರು ವಿಧಿಸಿದ್ದರು. ಎಂಟು ವರುಷಗಳಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚಾಗಿ ಆ ವರದಿಯನ್ನು ಒಪ್ಪಿಸಲಿಲ್ಲವೆಂದು ಸಾಕುತಾಯಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಳು. ಬಾರದ ವರದಿಗಳ ಮರೆಯಲ್ಲಿ ಒಂದು ಮಗುವಿನ ಬಾಲ್ಯವೆಲ್ಲವೂ ಕಳೆದುಹೋಯಿತು. ಬಂದ ಒಂದು ಬರವಣಿಗೆಯು ಅದನ್ನು ಬಿಡಿಸಿತು.

ಆದರೆ ಬರೆದ ಮಾತ್ರಕ್ಕೆ ಎಲ್ಲವೂ ಆಯಿತೆಂದು ತಿಳಿಯಬಾರದು. ವೇಲ್ಸಿನ ಡೆನ್ನಿಸ್ ಓನೀಲ್ ಎಂಬ ೧೨ ವರುಷದ ಹುಡುಗನನ್ನು ಇಂಗ್ಲೆಂಡಿನ ಶ್ರಾಪ್‌ಷೈರಿನ ಒಂದು ಹೊಲಮನೆಯಲ್ಲಿ ಸಾಕಲು ಇರಿಸಲಾಗಿತ್ತು. ೧೯೪೪ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ನೋಡಿದ ಅಧಿಕಾರಿಣಿಯು, ಆತನನ್ನು ಅಲ್ಲಿಂದ ಬೇಗನೆ ತೆಗೆಯಬೇಕೆಂದು ವರದಿ ಮಾಡಿದಳು. ಕ್ರಿಸ್ಮಸ್ ರಜೆಯು ನಡುವೆ ಬಂದಿತು. ವರದಿಯಂತೆ ಯಾರೂ ನಡೆಯಲಿಲ್ಲ. ೧೯೪೫ರ ಜನವರಿ ೯ರಂದು ಹುಡುಗನು ಹೊಡೆತದಿಂದಲೂ ಹಸಿವಿನಿಂದಲೂ ಸತ್ತನು. ಅಲ್ಲಿಂದ ಅರ್ಧ ಶತಮಾನವು ದಾಟಿದ ಮೇಲೆಯೂ ಅಂಥದೇ ಮತ್ತೊಂದು ನಡೆಯಿತು. ಐವರಿ ಕೋಸ್ಟಿನಿಂದ ಬಂದಿದ್ದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ೮ ವರುಷದ ಬಾಲಕಿಯು ೨೦೦೦ದ ಫೆಬ್ರವರಿ ೨೫ರಂದು ಲಂಡನ್ನಿನಲ್ಲಿ ಮೃತಳಾದಾಗ ಆಕೆಯ ದೇಹದಲ್ಲಿ ೧೨೮ ಗಾಯಗಳಿದ್ದವು. ಎರಡು ಆಸ್ಪತ್ರೆಗಳೂ, ಸಮಾಜಸೇವೆಯ ಹಲವು ಕಚೇರಿಗಳೂ, ಪೊಲೀಸಿನವರೂ ಆಕೆಯ ವಿಷಯವನ್ನು ಬಲ್ಲವರಾಗಿದ್ದರು. ವಿಚಾರಣೆ ನಡೆಸಿದ ಲಾರ್ಡ್ ಲೇಮಿಂಗ್ ಎಂಬವರು ೨೦೦೩ರ ತಮ್ಮ ವರದಿಯಲ್ಲಿ, ಆಕೆಯನ್ನು ಉಳಿಸುವ ಸಂದರ್ಭವು ಕಡಿಮೆಯೆಂದರೂ ೧೨ ಸಲ ಒದಗಿತ್ತೆಂದು ಎಣಿಸಿ, ೧೦೮ ಶಿಫಾರಸುಗಳನ್ನು ಮಾಡಿದರು. ಒಬ್ಬೊಬ್ಬರ ಬಳಿಯಲ್ಲಿ ಒಂದೊಂದು ತುಂಡು ಇತ್ತು. ತುಂಡುಗಳನ್ನು ಒಂದೇ ಕಡೆಗೆ ತಂದು ನೋಡಿದವರಿಲ್ಲ. ಆ ಮಗುವಿನ ಒಂದು ದಿನವು ಹೇಗೆ ಕಳೆಯುತ್ತಿತ್ತೆಂಬುದನ್ನು ಬಲ್ಲವರೂ ಅವರಲ್ಲಿ ಇರಲಿಲ್ಲ. ಆದುದರಿಂದ ದಾಖಲೆಯು ಮಗುವಿನ ಸುತ್ತಲೂ ಇರಬೇಕೇ ಹೊರತು ಕಚೇರಿಯ ಸುತ್ತಲೂ ಇರಬಾರದೆಂಬುದನ್ನು ಈ ಎರಡು ಮರಣಗಳಿಂದ ಕಲಿಯತಕ್ಕದ್ದಾಗಿದೆ.

ನಮ್ಮ ದೇಶದ ಶಾಸನವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಅಧ್ಯಾಪಿಕೆಯೂ ಮೇಟ್ರನ್ನರೂ ತಿಳಿದಿರಬೇಕು. ಪೋಕ್ಸೋ ಎಂದು ಹೆಸರಾದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಶಾಸನವು ೨೦೧೨ರ ನವೆಂಬರು ೧೪ರಿಂದ ಜಾರಿಯಲ್ಲಿದೆ. ೧೮ ವರುಷ ತುಂಬದವರೆಲ್ಲರೂ ಅದರ ದೃಷ್ಟಿಯಲ್ಲಿ ಮಕ್ಕಳೇ. ಅಂಥ ಅಪರಾಧವು ನಡೆದಿದೆಯೆಂದು ತಿಳಿದವರೂ, ನಡೆಯಬಹುದೆಂದು ಶಂಕಿಸುವವರೂ ಪೊಲೀಸಿಗೆ ತಿಳಿಸಲೇಬೇಕು. ಹಾಗೆ ಬಂದ ವರ್ತಮಾನಕ್ಕೆ ಒಂದು ನಂಬರನ್ನು ಕೊಟ್ಟು, ಬರೆದುಕೊಂಡು, ತಂದವರಿಗೆ ಓದಿ ಹೇಳಿ, ಪುಸ್ತಕದಲ್ಲಿ ಸೇರಿಸತಕ್ಕದ್ದು. ಮಗುವೇ ಹೇಳಿದರೆ, ಮಗುವಿಗೆ ತಿಳಿಯುವ ಸರಳವಾದ ಮಾತಿನಲ್ಲಿಯೇ ಬರೆಯಬೇಕು. ೨೪ ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಸಂಗತಿಯು ಮುಟ್ಟಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಸ್ತ್ರೀಯು, ಯೂನಿಫಾರ್ಮಿಲ್ಲದೆ, ಮಗುವು ನಂಬಿದವರ ಎದುರಿನಲ್ಲಿ ಬರೆದುಕೊಳ್ಳತಕ್ಕದ್ದು. ಯಾವ ಮಗುವನ್ನೂ ರಾತ್ರಿ ಪೊಲೀಸು ಠಾಣೆಯಲ್ಲಿ ಇರಿಸಬಾರದು. ಮ್ಯಾಜಿಸ್ಟ್ರೇಟರಾದರೆ ಮಗುವು ಆಡಿದಂತೆಯೇ ಬರೆಯಬೇಕು.

ತಿಳಿಸದೆ ಇರುವುದೂ, ತಿಳಿಸಿದುದನ್ನು ಬರೆದುಕೊಳ್ಳದೆ ಇರುವುದೂ ಅಪರಾಧವೇ. ಅದಕ್ಕೆ ಆರು ತಿಂಗಳವರೆಗೆ ಸೆರೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿದರೆ ಒಂದು ವರುಷದವರೆಗೆ ಆಗಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ವ್ಯಾಜ್ಯವು ನಿಲ್ಲದು. ತಿಳಿಸಲಿಲ್ಲವೆಂದು ಯಾವ ಮಗುವನ್ನೂ ಶಿಕ್ಷಿಸಲಾಗದು. ಇನ್ನು ೨೦೧೫ರ ಬಾಲನ್ಯಾಯ ಶಾಸನದಂತೆ, ದಿಕ್ಕಿಲ್ಲದ ಅಥವಾ ಹಿಂಸೆಗೆ ಒಳಗಾದ ಮಗುವನ್ನು ಪ್ರಯಾಣದ ಹೊತ್ತನ್ನು ಬಿಟ್ಟು ೨೪ ಗಂಟೆಗಳೊಳಗೆ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯ ಸ್ಥಿತಿಗತಿಗಳ ವಿಚಾರಣೆಯನ್ನು ೧೫ ದಿನಗಳಲ್ಲಿ ಮುಗಿಸಬೇಕು. ಅದೇ ಶಾಸನದಲ್ಲಿ ನಮ್ಮ ಶಾಲೆಗಳಿಗೆ ಸಂಬಂಧಪಟ್ಟ ಇನ್ನೊಂದು ಮಾತುಂಟು. ಒಬ್ಬಳು ಮಗುವೋ ಅಲ್ಲವೋ ಎಂಬ ಸಂದೇಹವು ಬಂದಾಗ ಮೊದಲು ನೋಡುವುದು ಶಾಲೆಯು ಕೊಟ್ಟ ಜನ್ಮದಿನದ ಪತ್ರವನ್ನು. ನಮ್ಮ ಪ್ರವೇಶದ ರಿಜಿಸ್ಟರಿನ ಒಂದು ಸಾಲು ಒಬ್ಬ ಬಾಲಕಿಗೆ ಶಾಸನದ ರಕ್ಷಣೆಯನ್ನು ಕೊಡಲೂಬಹುದು, ಕಳೆಯಲೂಬಹುದು. ಹೆಣ್ಣುಮಗಳನ್ನು ಬಾಲ್ಯದಲ್ಲಿಯೇ ಮದುವೆ ಮಾಡಿ ಕಳುಹಿಸುವಲ್ಲಿಯೂ, ಮೊದಲು ಮೌನವಾಗಿ ಸಾಕ್ಷಿ ಹೇಳುವುದು ಹಾಜರಿ ಪುಸ್ತಕದ ಖಾಲಿ ಮನೆಗಳೇ. ರಜೆಯು ಮುಗಿದು ಹತ್ತು ದಿನಗಳಾದರೂ ಬಾರದ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ಹಾಕಿ ಸುಮ್ಮನಾಗದೆ, ಏಕೆ ಬರಲಿಲ್ಲವೆಂದು ವಿಚಾರಿಸಿದ ದಿನವನ್ನೂ ಸಿಕ್ಕಿದ ಉತ್ತರವನ್ನೂ ಬರೆಯುವುದು ಅಧ್ಯಾಪಿಕೆಯ ಧರ್ಮವು.

ಈಗ ಬರೆಯುವ ರೀತಿಯನ್ನು ವಿಚಾರಿಸೋಣ. ಇದರಲ್ಲಿ ಜಾಣತನಕ್ಕಿಂತ ಸಂಯಮವೇ ಹೆಚ್ಚಾಗಿ ಬೇಕು.

ಮೊದಲನೆಯದಾಗಿ, ಅದೇ ದಿನ, ಆದರೆ ಅದೇ ಗಂಟೆಯಲ್ಲಿ, ಬರೆಯಬೇಕು. ಮಗುವು ಮಾತನಾಡಿದ ದಿನ, ಹೊತ್ತು, ಸ್ಥಳ, ಅಲ್ಲಿದ್ದವರು, ಬರೆದವರ ಹೆಸರು ಮತ್ತು ರುಜು, ಇವಿಷ್ಟೂ ಇರಬೇಕು. ಸಾಕ್ಷಿಯಾಗಿ ನಿಂತವರು ತಾವು ಆ ಕಾಲದಲ್ಲಿಯೇ ಬರೆದುದನ್ನು ನೋಡಿ ನೆನಪನ್ನು ತಿದ್ದಿಕೊಳ್ಳಬಹುದೆಂಬುದು ೧೮೭೨ರ ಸಾಕ್ಷ್ಯ ಶಾಸನದಲ್ಲಿದ್ದ ನಿಯಮವು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ. ಮೂರು ತಿಂಗಳ ಮೇಲೆ ನೆನಪಿನಿಂದ ಬರೆದುದಕ್ಕೆ ಈ ಬೆಲೆಯಿಲ್ಲ.

ಎರಡನೆಯದಾಗಿ, ಮಗುವಿನ ಮಾತನ್ನು ಮಗುವಿನ ಮಾತಿನಲ್ಲಿಯೇ ಬರೆಯಬೇಕು. ತೋಳನ್ನು ಹಿಂಡಿದರು ಎಂದು ಆಕೆಯು ಹೇಳಿದರೆ, ದೈಹಿಕ ಹಿಂಸೆ ನೀಡಲಾಯಿತು ಎಂದು ಅದನ್ನು ಪುಸ್ತಕದ ಭಾಷೆಗೆ ತಿರುಗಿಸಬಾರದು. ತಿರುಗಿಸಿದಾಗ ತೋಳೂ ಹೋಯಿತು, ಹಿಂಡಿದ್ದೂ ಹೋಯಿತು. ಯಾರಿಗೂ ಅನ್ವಯಿಸಬಹುದಾದ ಒಂದು ವಾಕ್ಯವು ಉಳಿಯಿತು. ತುಳು, ಕೊಂಕಣಿ, ಉರ್ದು, ಲಂಬಾಣಿ, ಯಾವ ಮಾತಿನಲ್ಲಿ ಮಗುವು ಆಡಿತೋ ಆ ಶಬ್ದವನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಅದರ ಅರ್ಥವನ್ನು ಬೇರೆಯಾಗಿ ಕೊಡಬಹುದು. ಸಂಬಂಧವಾಚಕಗಳಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ನಮ್ಮಲ್ಲಿ ಮಾವನೆಂದರೆ ತಾಯಿಯ ಅಣ್ಣತಮ್ಮನಾಗಬಹುದು, ಅತ್ತೆಯ ಗಂಡನಾಗಬಹುದು, ಸಂಬಂಧವೇ ಇಲ್ಲದ ನೆರೆಮನೆಯ ಹಿರಿಯನೂ ಆಗಬಹುದು. ಅಣ್ಣನೆಂಬುದು ಒಡಹುಟ್ಟಿದವನಿಗೂ ಬಸ್ಸಿನ ಕಂಡಕ್ಟರಿಗೂ ಸಲ್ಲುವ ಮಾತು. ಮಾವ ಎಂದು ಆಕೆಯು ಹೇಳಿದುದನ್ನು ಹಾಗೆಯೇ ಬರೆದು, ಯಾವ ಮಾವನೆಂದು ಕೇಳಿ ತಿಳಿದುದನ್ನು ಅದರ ಕೆಳಗೆ ಬರೆಯತಕ್ಕದ್ದು. ಇಲ್ಲವಾದರೆ ನಿರಪರಾಧಿಯಾದ ಒಬ್ಬನ ಹೆಸರು ಕೆಡುವುದು, ಅಪರಾಧಿಯು ತಪ್ಪಿಸಿಕೊಳ್ಳುವನು. ಕಾಲದ ವಿಷಯವೂ ಹೀಗೆಯೇ. ಎಳೆಯ ಮಗುವಿಗೆ ಕಳೆದ ದಿನಗಳೆಲ್ಲವೂ ಮೊನ್ನೆಯೇ. ತಾರೀಖನ್ನು ಹೇಳೆಂದು ಒತ್ತಾಯಿಸದೆ, ದಸರಾ ರಜೆಗೆ ಮೊದಲೋ ಆಮೇಲೋ, ಸಂತೆಯ ದಿನವೋ, ಕ್ರಿಸ್ಮಸಿಗೆ ಹೊಸ ಬಟ್ಟೆ ತಂದ ಮೇಲೋ ಎಂದು ಆಕೆಯ ಬಾಳಿನ ಗುರುತುಗಳಿಂದಲೇ ತಿಳಿಯಬೇಕು.

ಮೂರನೆಯದಾಗಿ, ಕಂಡದ್ದು, ಕೇಳಿದ್ದು, ಊಹಿಸಿದ್ದು, ಈ ಮೂರನ್ನೂ ಬೆರೆಸಬಾರದು. ಎಡಗೈಯ ಮಣಿಕಟ್ಟಿನ ಮೇಲೆ ಎರಡು ಅಂಗುಲ ಉದ್ದದ ಕೆಂಪು ಬಾಸುಂಡೆಯಿತ್ತು ಎಂಬುದು ಕಂಡದ್ದು. ಚಿಕ್ಕಮ್ಮನು ಸೌಟಿನಿಂದ ಹೊಡೆದಳೆಂದು ಆಕೆಯು ಹೇಳಿದಳು ಎಂಬುದು ಕೇಳಿದ್ದು. ಚಿಕ್ಕಮ್ಮನು ಕ್ರೂರಿಯು ಎಂಬುದು ಊಹೆಯು. ಮೊದಲಿನ ಎರಡು ವಾಕ್ಯಗಳು ಸಾಕು. ಮೂರನೆಯದನ್ನು ನ್ಯಾಯಾಧೀಶರಿಗೆ ಬಿಡತಕ್ಕದ್ದು.

ನಾಲ್ಕನೆಯದಾಗಿ, ನಾವು ಕೇಳಿದ ಪ್ರಶ್ನೆಯನ್ನೂ ಬರೆಯಬೇಕು. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯು ಮಗುವನ್ನು ನಮ್ಮ ದಾರಿಗೆ ಎಳೆಯುತ್ತದೆ. ಕ್ಯಾಲಿಫೋರ್ನಿಯದ ಮ್ಯಾಕ್‌ಮಾರ್ಟಿನ್ ಶಿಶುಶಾಲೆಯ ವಿಷಯದಲ್ಲಿ ೧೯೮೩ರಲ್ಲಿ ಎದ್ದ ಆರೋಪಗಳು ಹಲವು ವರುಷಗಳ ವ್ಯಾಜ್ಯದ ಬಳಿಕ ೧೯೯೦ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿದವು. ಮಕ್ಕಳನ್ನು ವಿಚಾರಿಸಿದುದು ವೀಡಿಯೋದಲ್ಲಿ ದಾಖಲಾಗಿತ್ತು. ಪ್ರಶ್ನೆಗಳೇ ಉತ್ತರಗಳನ್ನು ಹೇಳಿಕೊಡುತ್ತಿದ್ದವೆಂಬುದು ಅದರಿಂದಲೇ ಗೊತ್ತಾಯಿತು. ಆದುದರಿಂದ ಏನಾಯಿತು ಹೇಳಮ್ಮ, ಆಮೇಲೆ ಏನಾಯಿತು ಎಂಬಷ್ಟೇ ಅಧ್ಯಾಪಿಕೆಗೆ ಸಾಕು. ಅವನು ಹೀಗೆ ಮಾಡಿದನೇ, ಹಾಗೆ ಮಾಡಿದನೇ ಎಂದು ಕೇಳುವುದು ನಮ್ಮ ಕೆಲಸವಲ್ಲ. ಒಮ್ಮೆ ಕೇಳಿ ಬರೆದ ಮೇಲೆ, ಹೆಡ್‌ಮಿಸ್ಟ್ರೆಸ್ಸರ ಮುಂದೆ ಒಂದು ಸಲ, ಕಮಿಟಿಯ ಮುಂದೆ ಒಂದು ಸಲ, ಪಾದ್ರಿಯವರ ಮುಂದೆ ಒಂದು ಸಲ ಎಂದು ಆ ಮಗುವಿನ ಬಾಯಿಂದ ಹೇಳಿಸುವುದು ಎರಡನೆಯ ಹಿಂಸೆಯಾಗುತ್ತದೆ. ಬರೆದಿಡುವುದರ ಒಂದು ದೊಡ್ಡ ಪ್ರಯೋಜನವು ಇದೇ: ಕಾಗದವು ಮಾತನಾಡಿದರೆ ಮಗುವು ಸುಮ್ಮನಿರಬಹುದು.

ಐದನೆಯದಾಗಿ, ನಾವು ಮಾಡಿದುದನ್ನು ಬರೆಯಬೇಕು. ಯಾವ ಗಂಟೆಗೆ ೧೦೯೮ಕ್ಕೆ ಅಥವಾ ಠಾಣೆಗೆ ಟೆಲಿಫೋನು ಮಾಡಿದೆವು, ಯಾರು ಉತ್ತರಿಸಿದರು, ಯಾವ ನಂಬರನ್ನು ಕೊಟ್ಟರು, ಮುಂದಿನ ಕೆಲಸವು ಯಾರದು, ಯಾವ ದಿನದೊಳಗೆ ಎಂಬುದೇ ದಾಖಲೆಯ ಕೊನೆಯ ಸಾಲಾಗಿರಬೇಕು. ಓನೀಲ್ ಹುಡುಗನ ಸಂಗತಿಯಲ್ಲಿ ಇಲ್ಲದೆ ಹೋದುದು ಈ ಸಾಲಿನಂತೆ ನಡೆಯುವ ಕೈಯೇ. ಬರೆದುದರಲ್ಲಿ ತಪ್ಪಿದ್ದರೆ ಓದಲು ಬರುವಂತೆ ಒಂದು ಗೆರೆಯನ್ನೆಳೆದು, ಪಕ್ಕದಲ್ಲಿ ರುಜು ಹಾಕತಕ್ಕದ್ದು. ಹಾಳೆಯನ್ನು ಹರಿಯುವುದಾಗಲಿ, ಹಿಂದಿನ ತಾರೀಖಿನಲ್ಲಿ ಸೇರಿಸುವುದಾಗಲಿ ಕೂಡದು.

ಆರನೆಯದಾಗಿ, ಆ ಪುಸ್ತಕಕ್ಕೆ ಬೀಗವಿರಬೇಕು, ನಮ್ಮ ನಾಲಿಗೆಗೂ ಇರಬೇಕು. ಮಗುವಿನ ಹೆಸರನ್ನೂ ಗುರುತನ್ನೂ ಪತ್ರಿಕೆಗಳು ಪ್ರಕಟಿಸಕೂಡದೆಂದು ಶಾಸನವು ನಿಷೇಧಿಸಿದೆ. ಆದರೆ ಸ್ಟಾಫ್ ರೂಮಿನ ಪಿಸುಮಾತಿಗೆ ಪತ್ರಿಕೆಯು ಬೇಕಿಲ್ಲ. ನಮ್ಮ ಕ್ರೈಸ್ತ ಸಂಸ್ಥೆಗಳಲ್ಲಿ ಇನ್ನೊಂದು ಅಪಾಯವೂ ಉಂಟು. ಪ್ರಾರ್ಥನಾಕೂಟದಲ್ಲಿ ಇಂಥವಳಿಗಾಗಿ ಇಂಥ ಕಾರಣಕ್ಕಾಗಿ ಪ್ರಾರ್ಥಿಸಿರಿ ಎಂದು ಹೆಸರು ಹಿಡಿದು ಹೇಳುವುದು ಸದುದ್ದೇಶದ ಪ್ರಕಟಣೆಯಾದರೂ ಪ್ರಕಟಣೆಯೇ. ಅಂತರಂಗದಲ್ಲಿ ಮಾಡಿದ ಬೇಡಿಕೆಯನ್ನು ದೇವರು ಹೆಸರಿಲ್ಲದೆಯೂ ಬಲ್ಲನು.

ಇಷ್ಟನ್ನು ಹೇಳಿದಾಗ ಕೆಲವು ಆಕ್ಷೇಪಣೆಗಳು ಬರುವುದುಂಟು. ಬರೆದಿಟ್ಟರೆ ಹುಡುಗಿಯ ಮಾನವು ಹೋಗುವುದೆಂದು ಹಿರಿಯರು ಹೇಳುತ್ತಾರೆ. ಮಾನವು ಹೋಗಬೇಕಾದುದು ಹಿಂಸೆ ಮಾಡಿದವನದು. ಬರೆಯದೆ ಬಿಟ್ಟುದರಿಂದ ಯಾವ ಹುಡುಗಿಯ ನೋವೂ ಇಲ್ಲದಂತಾಗಲಿಲ್ಲ. ಅವನು ಮತ್ತೊಬ್ಬಳ ಬಳಿಗೆ ಹೋಗಲು ಮಾತ್ರ ಅನುಕೂಲವಾಯಿತು. ಶಾಲೆಯ ಹೆಸರು ಕೆಡುವುದೆಂಬುದು ಎರಡನೆಯ ಮಾತು. ಮುಚ್ಚಿದುದು ಹೊರಗೆ ಬಿದ್ದ ದಿನ ಕೆಡುವಷ್ಟು, ತಾನಾಗಿ ತಿಳಿಸಿದ ದಿನ ಕೆಡದು. ಸುಳ್ಳು ದೂರು ಬಂದರೆ ಗತಿಯೇನೆಂಬುದು ಮೂರನೆಯದು. ಆಪಾದಿತನು ನಿರ್ದೋಷಿಯಾಗಿದ್ದರೆ, ಮೊದಲ ದಿನವೇ ಕ್ರಮವಾಗಿ ಬರೆದ ದಾಖಲೆಗಿಂತ ಉತ್ತಮವಾದ ಮಿತ್ರನು ಅವನಿಗೆ ಬೇರೆಯಿಲ್ಲ. ಬಾಯಿಂದ ಬಾಯಿಗೆ ಬೆಳೆಯುವ ಸುದ್ದಿಯೇ ಅವನ ಶತ್ರುವು.

ನಾಲ್ಕನೆಯ ಆಕ್ಷೇಪಣೆಯು ನಮ್ಮೊಳಗಿನದೇ ಆಗಿರುವುದರಿಂದ ಅದಕ್ಕೆ ಸ್ವಲ್ಪ ನಿಂತು ಉತ್ತರ ಹೇಳಬೇಕು. ಕ್ರಿಸ್ತನು ಕ್ಷಮಿಸಲು ಕಲಿಸಿದನಲ್ಲವೇ, ಅವನು ಕಣ್ಣೀರಿಟ್ಟು ತಪ್ಪೊಪ್ಪಿಕೊಂಡ ಮೇಲೆ ಪುಸ್ತಕವೇಕೆ, ಪೊಲೀಸೇಕೆ ಎಂದು ಕೇಳುವವರುಂಟು. ಕ್ಷಮೆಯು ನೊಂದವಳ ಸ್ವತ್ತು. ಅದನ್ನು ಆಕೆಯ ಪರವಾಗಿ ಕಮಿಟಿಯವರು ಹಂಚಿಕೊಡಲಾರರು. ೧೩ ವರುಷದ ಹುಡುಗಿಯನ್ನು ಮುಂದೆ ಕುಳ್ಳಿರಿಸಿ ಕ್ಷಮಿಸಿದೆನೆಂದು ಹೇಳಿಸುವುದು ಬಲಾತ್ಕಾರವೇ ಸರಿ. ನಿಜವಾದ ಪಶ್ಚಾತ್ತಾಪವು ಸತ್ಯಕ್ಕೂ ಅದರ ಫಲಕ್ಕೂ ತಲೆಬಾಗುತ್ತದೆ, ದಾಖಲೆಯನ್ನು ಹರಿದುಹಾಕಿರೆಂದು ಬೇಡುವುದಿಲ್ಲ. ಶಿಷ್ಯರು ದೊಡ್ಡವರಾರೆಂದು ವಾದಿಸುತ್ತಿದ್ದಾಗ ನಮ್ಮ ಕರ್ತನು ಅವರ ನಡುವೆ ನಿಲ್ಲಿಸಿದುದು ಒಂದು ಮಗುವನ್ನು. ಸಂಸ್ಥೆಯ ದೊಡ್ಡಸ್ತಿಕೆಯ ವಾದವು ಬಂದಾಗಲೂ ನಡುವೆ ಮಗುವೇ ನಿಲ್ಲಬೇಕು.

ಇದಕ್ಕೆ ಹಣವು ಹೆಚ್ಚು ಬೇಕಿಲ್ಲ. ಹೊಲಿದು ಕಟ್ಟಿದ, ಪುಟಸಂಖ್ಯೆಯುಳ್ಳ ಒಂದು ಪುಸ್ತಕ. ಅದರ ಹೊಣೆಯನ್ನು ಹೊತ್ತ ಒಬ್ಬ ಅಧ್ಯಾಪಿಕೆ, ಆಕೆಯು ಇಲ್ಲದಾಗ ಇನ್ನೊಬ್ಬಳು. ಮಕ್ಕಳ ಕಣ್ಣಿಗೆ ಬೀಳುವ ಕಡೆಯಲ್ಲಿ ೧೦೯೮ ಎಂಬ ಅಂಕೆ. ವರುಷಾರಂಭದಲ್ಲಿ ಪ್ರತಿಯೊಂದು ತರಗತಿಗೂ ಹೋಗಿ, ನಿಮ್ಮ ಮಾತನ್ನು ಇಲ್ಲಿ ಕೇಳುವರು, ಬರೆಯುವರು, ಬರೆದುದನ್ನು ನಿಮಗೆ ಓದಿ ಹೇಳುವರು ಎಂದು ತಿಳಿಸುವ ಅರ್ಧ ಗಂಟೆ. ಗುಟ್ಟಾಗಿ ಇಡುವೆನೆಂದು ಮಾತ್ರ ಯಾರೂ ಮಾತು ಕೊಡಬಾರದು. ತಿಳಿಸಬೇಕಾದವರಿಗೆ ತಿಳಿಸುವೆನು, ಉಳಿದವರಿಗೆ ಹೇಳೆನು ಎಂಬುದೇ ಸತ್ಯವಾದ ವಚನವು.

ಪ್ರಿಯ ವಿದ್ಯಾರ್ಥಿನಿಯರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಮುಂದೆ ಅಧ್ಯಾಪಿಕೆಯರೂ ದಾದಿಯರೂ ವೈದ್ಯರೂ ವಕೀಲರೂ ಪೊಲೀಸು ಅಧಿಕಾರಿಗಳೂ ಆಗುವಿರಿ. ಕೆಲವರು ಈಗಾಗಲೇ ಆಗಿರುವಿರಿ. ವೈದ್ಯನಾದ ಲೂಕನು ತನ್ನ ಸುವಾರ್ತೆಯನ್ನು ಆರಂಭಿಸುವಾಗ, ಕಣ್ಣಾರೆ ಕಂಡವರಿಂದ ಬಂದುದನ್ನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುವೆನೆಂದು ತಿಳಿಸಿದ್ದಾನೆ. ಸತ್ಯವನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿಯು ಸಿಕ್ಕದು. ನಿಮಗೆ ಇಲ್ಲಿ ಅಕ್ಷರವನ್ನು ಕಲಿಸಿದುದು ಪರೀಕ್ಷೆಗೆ ಮಾತ್ರವಲ್ಲವಷ್ಟೆ. ದನಿಯಿಲ್ಲದ ಒಂದು ಮಗುವು ನಿಮ್ಮ ಬಳಿಗೆ ಬಂದ ದಿನ, ನಿಮ್ಮ ಲೇಖನಿಯು ಅದಕ್ಕೆ ದನಿಯಾಗಲಿ. ಬರೆದ ಸಾಲು ನೇರವಾಗಿರಲಿ, ಬರೆದ ಮೇಲೆ ಕಾಲು ನಡೆಯಲಿ. ಅದಕ್ಕೆ ಬೇಕಾದ ಧೈರ್ಯವನ್ನೂ ತಾಳ್ಮೆಯನ್ನೂ ಕರುಣಾಳುವಾದ ದೇವರು ನಿಮ್ಮೆಲ್ಲರಿಗೂ ಅನುಗ್ರಹಿಸಲಿ.